ಪರದೇಶದಲ್ಲಿ ನೀವು ತಿಂದ ಅಪರೂಪದ ತಿನಿಸು ಯಾವುದು, ಅದನ್ನು ಯಾವುದರ ಜೊತೆ ತಿಂದಿರಿ?

ತುಂಗಾತೀರ

ಕಚೇರಿಯ ಕೆಲಸದ ಮೇಲೆ ಜಪಾನಿನ ಇಬಾರಾಕಿ ಪ್ರಾಂತ್ಯದಲ್ಲಿ ಆರು ವಾರ ಇದ್ದು, ಹೋದ ತಿಂಗಳು ಊರಿಗೆ ಮರಳಿದ್ದೇನೆ. ಧಾರವಾಡ ಎಂದರೆ ಪೇಢೆ ಎನ್ನುವ ಹಾಗೆ ಆ ಪ್ರಾಂತ್ಯದ ಮಿಟೊ ನಗರ ಎಂದರೆ ನಾಟ್ಟೊ. ಬೇಯಿಸಿದ ಸೋಯಾ ಕಾಳಿಗೆ ಬ್ಯಾಸಿಲಸ್ ಸಬ್ಟಿಲಿಸ್ ಜಾತಿಯ ಬ್ಯಾಕ್ಟೀರಿಯಾ ಸೇರಿಸಿ, 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಸುಮಾರು ಒಂದು ದಿನ ಹುದುಗಿಸಿದರೆ ಅದು ಸಿದ್ಧವಾಗುತ್ತದೆ. ಹಿಂದೆ ಕಾಳನ್ನು ಭತ್ತದ ಹುಲ್ಲಿನ ಕಟ್ಟಿನೊಳಗೆ ಸುತ್ತಿಡುತ್ತಿದ್ದರು. ಆ ಬ್ಯಾಕ್ಟೀರಿಯಾ ಹುಲ್ಲಿನಲ್ಲೇ ಇರುವುದರಿಂದ ಬೇರೆ ಹೆಪ್ಪು ಬೇಕಾಗುತ್ತಿರಲಿಲ್ಲ. ಈಗ ಅದು ಅಂಗೈಯಗಲದ ಥರ್ಮೋಕೋಲ್ ಡಬ್ಬಿಯಲ್ಲಿ, ಸಾಸಿವೆಯದೊಂದು ಮತ್ತು ಸೋಯಾ ರಸದ್ದೊಂದು ಪುಟ್ಟ ಪೊಟ್ಟಣದ ಸಮೇತ ಬರುತ್ತದೆ.

ಮೊದಲನೆಯ ಬೆಳಿಗ್ಗೆ ಹೋಟೆಲಿನ ತಿಂಡಿಯ ಸಾಲಿನಲ್ಲಿ ಆ ಡಬ್ಬಿಯನ್ನು ಕಂಡು, ಮೊಸರಿನ ಡಬ್ಬಿಯನ್ನು ತೆರೆಯುವಂತೆ ತೆರೆದು, ಒಂದು ಚಮಚ ಎತ್ತಿದೆ. ಚಮಚದಿಂದ ಡಬ್ಬಿಯವರೆಗೆ ಜೇಡರ ಬಲೆಯಂತಹ ಎಳೆಗಳು ಜಗ್ಗಿಕೊಂಡು ಬಂದವು. ಆಷಾಢದ ಮಳೆಯಲ್ಲಿ ಮೂರು ದಿನ ಒಣಗದೆ ಉಳಿದ ಕಾಲುಚೀಲದ ವಾಸನೆಗೆ ಸ್ವಲ್ಪ ಹುರಿದ ಕಾಫಿಬೀಜದ ವಾಸನೆ ಬೆರೆತರೆ ಹೇಗಿರಬಹುದೋ ಹಾಗಿತ್ತು. ನುಂಗಿದೆ, ಎರಡು ಲೋಟ ಚಹಾ ಕುಡಿದೆ, ಡಬ್ಬಿಯನ್ನು ಮುಚ್ಚಿಟ್ಟೆ.

ಎರಡು ವಾರಗಳ ಬಳಿಕ ಈ ಕಥೆಯನ್ನು ಹೇಳಿದಾಗ ಅಲ್ಲಿನ ಹಿರಿಯ ಸಹೋದ್ಯೋಗಿಯೊಬ್ಬರು ನಗಲಿಲ್ಲ, "ಅದನ್ನು ಬರಿದೇ ತಿಂದಿರಾ?" ಎಂದು ಮರುಕದಿಂದ ಕೇಳಿದರು. ಮರುದಿನ ನನ್ನ ಎದುರಿಗೆ ಕುಳಿತು, ಮೊದಲು ಕಾಳನ್ನು ಕಡ್ಡಿಗಳಿಂದ ಬಿಳಿ ನೊರೆ ಬರುವಷ್ಟು ತಿರುವಿದರು, ಆಮೇಲೆ ಸಾಸಿವೆ, ರಸ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು ಹಾಕಿ, ಹಬೆಯಾಡುವ ಅನ್ನದ ಮೇಲೆ ಸುರಿದುಕೊಟ್ಟರು. ಬಿಸಿ ಅನ್ನ ಆ ಲೋಳೆಯನ್ನು ಹಿಡಿದುಕೊಂಡಿತು, ಸಾಸಿವೆಯ ಘಾಟು ವಾಸನೆಯ ಮುಂದೆ ಅಡ್ಡ ನಿಂತಿತು. ಮೆಚ್ಚಿಕೊಂಡೆ ಎಂದು ಹೇಳಲಾರೆ. ಆದರೆ ಬಟ್ಟಲು ಖಾಲಿಯಾಯಿತು.

ಅಂದಿನಿಂದ ನನಗೊಂದು ಅನುಮಾನ. ನಾವು ಹೊರಗಿನವರು ಪರದೇಶದ ತಿನಿಸನ್ನು ಅದರ ಊಟದಿಂದ ಕಿತ್ತು ತೆಗೆದು, ಒಂಟಿಯಾಗಿ ಬಾಯಿಗೆ ಹಾಕಿಕೊಂಡು, ಅದು ಕೆಟ್ಟದ್ದು ಎಂದು ತೀರ್ಪು ಕೊಟ್ಟು ಎದ್ದು ಬರುತ್ತೇವೆ. ಮೊಸರನ್ನವಿಲ್ಲದೆ ಇಡೀ ಅಪ್ಪೆಮಿಡಿಯನ್ನು ಕಚ್ಚಿ ತಿಂದವನೊಬ್ಬ ನಮ್ಮ ಮಲೆನಾಡಿನ ಊಟವೇ ಸರಿಯಿಲ್ಲ ಎಂದರೆ ನಾವು ಒಪ್ಪುತ್ತೇವೆಯೇ? ಹಾಗಾಗಿ ಈ ಚರ್ಚೆಯಲ್ಲಿ ಬರೆಯುವವರು ದಯವಿಟ್ಟು ತಿನಿಸಿನ ಜೊತೆಗೆ ಅದರ ಜೊತೆಗಾರನನ್ನೂ ಹೇಳಬೇಕೆಂದು ಕೋರುತ್ತೇನೆ.

ಕಡಲ ಕಿನಾರೆ

ತುಂಗಾತೀರ ಅವರೇ, ನಿಮ್ಮ ಅನುಮಾನಕ್ಕೆ ನನ್ನ ಕಡೆಯಿಂದ ಒಂದು ಸಾಕ್ಷಿ. ಉತ್ತರ ಸ್ವೀಡನ್ನಿನ ಉಮೆಯೊದಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿನ ಸುರ್‌ಸ್ಟ್ರೊಮ್ಮಿಂಗ್‌ನ ಹೆಸರು ನೀವೆಲ್ಲ ಕೇಳಿರುತ್ತೀರಿ. ಡಬ್ಬಿ ತೆರೆದವರು ಓಡಿಹೋಗುವ ವಿಡಿಯೋಗಳಿಂದಲೇ ಅದು ಲೋಕಪ್ರಸಿದ್ಧವಾಗಿದೆ.

ಅದು ಬಾಲ್ಟಿಕ್ ಸಮುದ್ರದ ಹೆರಿಂಗ್ ಮೀನು. ನಮ್ಮ ಬೂತಾಯಿಯ ದೂರದ ನೆಂಟ ಎನ್ನಬಹುದು. ಒಣಮೀನಿಗೆ ನಾವು ಹಾಕುವಷ್ಟು ಉಪ್ಪನ್ನು ಅದಕ್ಕೆ ಹಾಕುವುದಿಲ್ಲ. ಮೀನು ಕೊಳೆಯದಂತೆ ತಡೆಯುವಷ್ಟು, ಆದರೆ ಹುದುಗುವುದನ್ನು ತಡೆಯದಷ್ಟು ಮಾತ್ರ ಹಾಕುತ್ತಾರೆ. ಉಪ್ಪು ದುಬಾರಿಯಾಗಿದ್ದ ಕಾಲದ ಜಾಣತನ ಅದು. ಡಬ್ಬಿಗೆ ತುಂಬಿದ ಮೇಲೂ ಹುದುಗುವುದು ನಿಲ್ಲುವುದಿಲ್ಲವಾದ್ದರಿಂದ ಡಬ್ಬಿಯ ಮೇಲೆ ಕೆಳಗೆ ಎರಡೂ ಕಡೆ ಉಬ್ಬಿರುತ್ತದೆ. ಒತ್ತಡದ ಡಬ್ಬಿ ಎಂಬ ಕಾರಣಕ್ಕೆ 2006ರಲ್ಲಿ ಏರ್ ಫ್ರಾನ್ಸ್ ಮತ್ತು ಬ್ರಿಟಿಷ್ ಏರ್‌ವೇಸ್ ಇದನ್ನು ವಿಮಾನದಲ್ಲಿ ಒಯ್ಯುವುದನ್ನೇ ನಿಷೇಧಿಸಿದವು. ಆಗಸ್ಟ್ ತಿಂಗಳ ಮೂರನೆಯ ಗುರುವಾರ ಆ ವರ್ಷದ ಸರಕು ಸಂಪ್ರದಾಯದಂತೆ ಮಾರಾಟಕ್ಕೆ ಬರುತ್ತದೆ, ಅದಾದ ಮೇಲೆ ಹಳ್ಳಿಮನೆಗಳ ಅಂಗಳದಲ್ಲಿ ಕೂಟಗಳು ನಡೆಯುತ್ತವೆ.

ನಾನು ಹೋಗಿದ್ದ ಮನೆಯ ಯಜಮಾನರು ಡಬ್ಬಿಯನ್ನು ಮನೆಯೊಳಗೆ ತರಲಿಲ್ಲ. ಅಂಗಳದ ಮೂಲೆಯಲ್ಲಿ ಬಕೆಟ್ಟಿನ ನೀರಿನೊಳಗೆ ಮುಳುಗಿಸಿ ತೂತು ಮಾಡಿದರು. ಗುಳುಗುಳು ಎಂದು ಗಾಳಿ ಹೊರಟಿತು, ನೀರು ಕಲಕಿತು. ಆಮೇಲೆ ಮೀನಿನ ಹೊಟ್ಟೆ ಸೀಳಿ, ಒಳಗಿದ್ದುದನ್ನು ತೆಗೆದು, ಮುಳ್ಳು ಬಿಡಿಸಿ, ಕಿರುಬೆರಳಿನ ಅರ್ಧದಷ್ಟು ತುಂಡುಗಳನ್ನು ಮಾತ್ರ ತಟ್ಟೆಗೆ ತಂದರು. ತುನ್‌ಬ್ರೊಡ್ ಎಂಬ ತೆಳ್ಳನೆಯ ರೊಟ್ಟಿಗೆ ಬೆಣ್ಣೆ ಸವರಿ, ಬೇಯಿಸಿದ ಆಲೂಗಡ್ಡೆಯ ಹೋಳುಗಳನ್ನು ಹರಡಿ, ಹಸಿ ಈರುಳ್ಳಿ ಮತ್ತು ಹುಳಿ ಕೆನೆ ಹಾಕಿ, ಅದರ ಮೇಲೆ ಮೀನಿನ ಎರಡೇ ತುಂಡುಗಳನ್ನಿಟ್ಟು ಮಡಚಿ ಕೊಟ್ಟರು. ಅಷ್ಟು ಹೊತ್ತಿಗೆ ಆ ವಾಸನೆ ಕೊಳೆತ ವಾಸನೆಯಾಗಿ ಉಳಿದಿರಲಿಲ್ಲ. ಗಂಜಿಯ ಜೊತೆ ಸುಟ್ಟ ಒಣಮೀನು ಹೇಗೆ ಬರೀ ಉಪ್ಪು ಮತ್ತು ಜೀವವಾಗಿ ಬರುತ್ತದೆಯೋ ಅದೇ ರೀತಿ. ಅಂಕೋಲೆಯ ನನ್ನ ಅಜ್ಜಿ ಅಲ್ಲಿದ್ದಿದ್ದರೆ ಮೂರನೆಯ ರೊಟ್ಟಿ ಕೇಳುತ್ತಿದ್ದರು. ವಿಡಿಯೋಗಳಲ್ಲಿ ಮಾತ್ರ ಮುಚ್ಚಿದ ಕೋಣೆಯಲ್ಲಿ ಡಬ್ಬಿ ತೆರೆದು, ಹೊಟ್ಟೆಯನ್ನೂ ಸ್ವಚ್ಛ ಮಾಡದ ಇಡೀ ಮೀನನ್ನು ಬಾಯಿಗೆ ಇಳಿಬಿಟ್ಟುಕೊಳ್ಳುತ್ತಾರೆ.

ಪಡುವಲಕಾಯಿ

ಎಲ್ಲವನ್ನೂ ಆಸಕ್ತಿಯಿಂದ ಓದಿದೆ. ಆದರೆ ಒಂದು ಮೂಲಭೂತ ಪ್ರಶ್ನೆ: ತಿನ್ನಲೇಬೇಕೆಂಬ ಹಟ ಏಕೆ? ನಾನು ಹುಟ್ಟಾ ಸಸ್ಯಾಹಾರಿ. ಊರು ನೋಡಲು ಹೋದವನು ಊರನ್ನು ನೋಡಿ ಬಂದರೆ ಸಾಕಾಗುವುದಿಲ್ಲವೇ? ಇನ್ನೊಂದು ವಿಷಯ. ನಾಟ್ಟೊ ಬರೀ ಸೋಯಾ ಕಾಳು ಎಂದು ನಂಬಿ ಸಸ್ಯಾಹಾರಿಗಳು ಯಾರೂ ಮೋಸಹೋಗಬಾರದು. ಅದರ ಜೊತೆ ಬರುವ ರಸದ ಪೊಟ್ಟಣದಲ್ಲಿ ಹೆಚ್ಚಾಗಿ ಬೊನಿಟೊ ಮೀನಿನ ಸಾರ ಇರುತ್ತದೆ. ಅಂದರೆ ತುಂಗಾತೀರ ಅವರ 'ಜೊತೆಗಾರ'ನೇ ನಮ್ಮಂಥವರಿಗೆ ತೊಡಕು.

ತುಂಗಾತೀರ

ಪೊಟ್ಟಣದ ವಿಷಯ ನಿಜ, ಬರೆಯಲು ಮರೆತಿದ್ದೆ. ಅದನ್ನು ಬದಿಗಿಟ್ಟು ಬರೀ ಸೋಯಾ ಸಾಸ್ ಮತ್ತು ಸಾಸಿವೆ ಹಾಕಿಕೊಂಡರೆ ಸಸ್ಯಾಹಾರವೇ ಆಗುತ್ತದೆ. ಕೊರಿಯಾದ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿಗೂ ಸಾಮಾನ್ಯವಾಗಿ ಮೀನು ಅಥವಾ ಸಿಗಡಿಯ ಉಪ್ಪುಹುದುಗು ಬೀಳುತ್ತದೆ, ತೈವಾನಿನ ನಾರುವ ತೋಫುವಿನ ಹುದುಗುನೀರಿನಲ್ಲೂ ಕೆಲವು ಕಡೆ ಸಿಗಡಿ ಇರುತ್ತದೆ. ತರಕಾರಿಯಂತೆ ಕಂಡದ್ದೆಲ್ಲ ತರಕಾರಿಯಲ್ಲ. ತಿನ್ನಲೇಬೇಕೆಂಬ ಹಟ ನನಗೂ ಇಲ್ಲ. ತಿಂದ ಮೇಲೆ ನ್ಯಾಯವಾಗಿ ತಿನ್ನಬೇಕು ಎಂಬುದಷ್ಟೇ ನನ್ನ ಮಾತು.

ಹುಬ್ಬಳ್ಳಿ ಜಂಕ್ಷನ್

ಪಡುವಲಕಾಯಿ ಅವರ ಪ್ರಶ್ನೆಗೆ ನನ್ನ ಅನುಭವ ಉತ್ತರವಾಗಬಹುದು. ನಾನೂ ಸಸ್ಯಾಹಾರಿ, ಮೇಲಾಗಿ ಉತ್ತರ ಕರ್ನಾಟಕದವನು. ರೊಟ್ಟಿ ಇಲ್ಲದಿದ್ದರೆ ಊಟ ಮಾಡಿದ ಹಾಗೆ ಆಗುವುದಿಲ್ಲ. ಇಥಿಯೋಪಿಯಾದ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಲು ನಮ್ಮ ದೇಶದಿಂದ ಬಹಳ ಮಂದಿ ಹೋಗಿದ್ದ ಕಾಲದಲ್ಲಿ ನಾನೂ ಮೂರು ವರ್ಷ ಅಲ್ಲಿದ್ದೆ.

ಅಲ್ಲಿನ ಇಂಜೆರಾವನ್ನು ಮೊದಲ ಸಲ ನೋಡಿದಾಗ ದೊಡ್ಡ ತೂತುದೋಸೆ ಎಂದುಕೊಂಡೆ. ಟೆಫ್ ಎಂಬ, ಸಾಸಿವೆಗಿಂತಲೂ ಸಣ್ಣದಾದ ಧಾನ್ಯದ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ಮಿಟಾಡ್ ಎಂಬ ಅಗಲವಾದ ಹಂಚಿನ ಮೇಲೆ ಒಂದೇ ಮಗ್ಗುಲು ಬೇಯಿಸುತ್ತಾರೆ. ದೋಸೆಯಂತೆ ಬಿಸಿಬಿಸಿಯಾಗಿ ಗರಿಗರಿಯಾಗಿ ಬರುತ್ತದೆ ಎಂದು ಕಾಯುತ್ತಿದ್ದವನಿಗೆ ತಣ್ಣಗಿನ, ಮೆತ್ತನೆಯ, ಬೂದುಬಣ್ಣದ, ಒದ್ದೆ ಟವೆಲಿನಂತಹ ಸುರುಳಿ ಬಂತು. ಒಂದು ತುಂಡು ಹರಿದು ಬರಿದೇ ತಿಂದೆ. ಎರಡು ದಿನ ಹೊರಗಿಟ್ಟ ದೋಸೆಹಿಟ್ಟನ್ನು ನೆಕ್ಕಿದ ಹಾಗಿತ್ತು. ನೋಡಿ, ನಾನೂ ತುಂಗಾತೀರ ಅವರ ತಪ್ಪನ್ನೇ ಮಾಡಿದ್ದೆ.

ಆ ಹುಳಿ ಏಕೆ ಬೇಕು ಎಂಬುದು ಶಿರೊ ಬಂದ ಮೇಲೆ ತಿಳಿಯಿತು. ಶಿರೊ ಎಂದರೆ ಕಡಲೆಹಿಟ್ಟು ಅಥವಾ ಬೇರೆ ಕಾಳಿನ ಹಿಟ್ಟಿಗೆ ಬೆರ್‌ಬೆರೆ ಎಂಬ ಕೆಂಪು ಖಾರದ ಪುಡಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿ ಕೊತಕೊತ ಕುದಿಸಿದ ಪದಾರ್ಥ. ಮಣ್ಣಿನ ಕುಡಿಕೆಯಲ್ಲಿ ಕುದಿಯುತ್ತಲೇ ಮೇಜಿಗೆ ಬಂದ ಅದನ್ನು ಕಂಡ ಕೂಡಲೇ ನನ್ನ ಬಾಯಿಂದ 'ಝುಣಕ' ಎಂಬ ಮಾತು ಹೊರಟಿತು. ಝುಣಕದ ಭಾರಕ್ಕೂ ಖಾರಕ್ಕೂ ಇಂಜೆರಾದ ಹುಳಿ ಸರಿಯಾಗಿ ಹೊಂದುತ್ತದೆ. ನಾವು ಮಜ್ಜಿಗೆ ಕುಡಿದು ಮಾಡಿಕೊಳ್ಳುವ ಕೆಲಸವನ್ನು ಅಲ್ಲಿ ರೊಟ್ಟಿಯೇ ಮಾಡುತ್ತದೆ.

ಸಸ್ಯಾಹಾರಿಗಳಿಗೆ ಒಂದು ಉಪಯುಕ್ತ ಸಂಗತಿ. ಅಲ್ಲಿನ ಸಾಂಪ್ರದಾಯಿಕ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮುಂಚಿನ 55 ದಿನ ಮಾಂಸ, ಹಾಲು, ಮೊಟ್ಟೆಗಳನ್ನು ಬಿಡುತ್ತಾರೆ. ಈ ಉಪವಾಸಕ್ಕೆ ತ್ಸೋಮ್ ಎಂದು ಹೆಸರು. 'ಯೆತ್ಸೋಮ್ ಬೆಯಾಯ್ನೆತು' ಎಂದು ಕೇಳಿದರೆ ಬೇಳೆ, ಸೊಪ್ಪು, ಎಲೆಕೋಸು, ಬೀಟ್‌ರೂಟುಗಳನ್ನು ಇಂಜೆರಾದ ಮೇಲೆ ಗುಡ್ಡೆ ಗುಡ್ಡೆಯಾಗಿ ಬಡಿಸಿಕೊಡುತ್ತಾರೆ, ತುಪ್ಪ ಸಹ ಇರುವುದಿಲ್ಲ. ಎಲ್ಲರೂ ಒಂದೇ ತಟ್ಟೆಯ ಸುತ್ತ ಕುಳಿತು ತಿನ್ನುವುದು ವಾಡಿಕೆ. ಪಕ್ಕದಲ್ಲಿ ಕುಳಿತವರು ಪ್ರೀತಿಯಿಂದ ತುತ್ತು ಕಟ್ಟಿ ನಿಮ್ಮ ಬಾಯಿಗೇ ಇಡುತ್ತಾರೆ. ಅದನ್ನು ಗುರ್ಶಾ ಎನ್ನುತ್ತಾರೆ, ಬೇಡ ಎನ್ನುವುದು ಸಭ್ಯತೆಯಲ್ಲ. ಕೈತುತ್ತು ಎಂಬ ಮಾತಿರುವ ಊರಿನಿಂದ ಹೋದವನಿಗೂ ಐವತ್ತು ದಾಟಿದ ವಯಸ್ಸಿನಲ್ಲಿ ವಿಭಾಗದ ಮುಖ್ಯಸ್ಥರ ಕೈಯಿಂದ ತುತ್ತು ತಿನ್ನುವಾಗ ನಾಚಿಕೆಯಾಗಿತ್ತು.

ಹೊಸ ತಿನಿಸು ಎಂದರೆ ಹುಳ, ಹಾವು, ಹಲ್ಲಿಯೇ ಆಗಬೇಕಿಲ್ಲ ಎಂದು ಹೇಳುವುದಕ್ಕಾಗಿ ಇಷ್ಟು ಬರೆದೆ.

ಔಷಧಿ ಚೀಟಿ

ಔಷಧಿ ಅಂಗಡಿ ನಡೆಸುವವನಾಗಿ ಎರಡು ಮೂರು ಎಚ್ಚರಿಕೆಗಳನ್ನು ಹೇಳದೆ ಇರಲಾರೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ನಾಟ್ಟೊವನ್ನು ರುಚಿ ನೋಡಲೂ ಹೋಗಬಾರದು. ಅದರಲ್ಲಿ ವಿಟಮಿನ್ ಕೆ ಬಹಳ ಹೆಚ್ಚಾಗಿದ್ದು ಮಾತ್ರೆಯ ಕೆಲಸವನ್ನು ಕುಗ್ಗಿಸುತ್ತದೆ. ಜಪಾನಿನ ವೈದ್ಯರು ಆ ಮಾತ್ರೆ ಬರೆದುಕೊಡುವಾಗಲೇ ಇದನ್ನು ಹೇಳುತ್ತಾರೆ, ನಮ್ಮ ವೈದ್ಯರಿಗೆ ಹೇಳುವ ಸಂದರ್ಭವೇ ಬಂದಿರುವುದಿಲ್ಲ. ಸಿಗಡಿ, ಏಡಿ ತಿಂದರೆ ಮೈ ದಡಿಕೆ ಏಳುವವರು ಮೆಕ್ಸಿಕೊದ ವಾಹಾಕಾ ಕಡೆ ಹೋದಾಗ ಬೆಳ್ಳುಳ್ಳಿ, ನಿಂಬೆರಸ ಹಾಕಿ ಹುರಿದ ಮಿಡತೆಗಳಿಂದ, ಅಂದರೆ ಚಾಪುಲಿನೆಸ್‌ನಿಂದ, ದೂರ ಇರಬೇಕು. ಮಿಡತೆಗೂ ಸಿಗಡಿಗೂ ದೇಹ ಒಂದೇ ರೀತಿ ಪ್ರತಿಕ್ರಿಯಿಸಬಹುದು.

ಮೈಯಲ್ಲೇ ವಿಷವಿರುವ ಪಫರ್ ಮೀನಿನ ವಿಷಯದಲ್ಲಿ ಧೈರ್ಯದ ಮಾತೇ ಬೇಡ. ಜಪಾನಿನ ಪ್ರಸಿದ್ಧ ಕಬುಕಿ ನಟ ಎಂಟನೆಯ ಬಂಡೊ ಮಿತ್ಸುಗೊರೊ ಅವರು 1975ರಲ್ಲಿ ಕ್ಯೋಟೊದಲ್ಲಿ ಆ ಮೀನಿನ ಯಕೃತ್ತನ್ನು ನಾಲ್ಕು ಸಲ ಬಡಿಸಿಕೊಂಡು ತಿಂದು ತೀರಿಕೊಂಡರು. ಪರವಾನಗಿ ಇರುವ ಬಾಣಸಿಗರ ಕೈಯಿಂದಲ್ಲದೆ ಅದನ್ನು ಮುಟ್ಟಬಾರದು. ಯಕೃತ್ತನ್ನಂತೂ ಈಗ ಬಡಿಸುವಂತೆಯೇ ಇಲ್ಲ.

ಹಾಗೆಂದು ವಿಷ ಎಂಬ ಮಾತಿಗೇ ಬೆದರಬೇಕಿಲ್ಲ. ನಾವು ಕೆಸುವಿನ ಎಲೆಗೆ ಹುಣಸೆಹುಳಿ ಸೇರಿಸಿ ತುರಿಕೆ ಕಳೆದು ಪತ್ರೊಡೆ ಮಾಡುತ್ತೇವೆ, ಕಳಲೆಯನ್ನು ದಿನಕ್ಕೊಮ್ಮೆ ನೀರು ಬದಲಿಸಿ ನೆನೆಸಿಟ್ಟು ಅದರ ವಿಷ ತೆಗೆಯುತ್ತೇವೆ. ವಿಧಾನ ಗೊತ್ತಿರುವ ಕೈ ಮುಖ್ಯ.

ಮೀನುಪೇಟೆ

ಹಡಗಿನ ಎಂಜಿನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು ನಾನು. ಊರು ಉಳ್ಳಾಲ. ನಮ್ಮ ಹಡಗುಗಳಲ್ಲಿ ಫಿಲಿಪ್ಪೀನ್ಸಿನವರು ಇರುವುದು ಸಾಮಾನ್ಯ, ಅವರೊಂದಿಗೆ ಮನಿಲಾದಲ್ಲಿ ಇಳಿದರೆ ಬಲುಟ್ ತಿನ್ನದೆ ಮರಳಲು ಬಿಡುವುದಿಲ್ಲ. ಗರ್ಭ ಕಟ್ಟಿದ ಬಾತುಕೋಳಿ ಮೊಟ್ಟೆಯನ್ನು ಎರಡು ವಾರ ದಾಟಿದ ಮೇಲೆ ಬೇಯಿಸಿದರೆ ಬಲುಟ್. ಮನಿಲಾದ ಪಕ್ಕದ ಪಾಟೆರೋಸ್ ಅದಕ್ಕೆ ಹೆಸರಾದ ಊರು. ಬೆಳಕಿನಲ್ಲಿ ನೋಡಿದರೆ ಆಗುವುದಿಲ್ಲ ಎಂದು ಕತ್ತಲಾದ ಮೇಲೆ ತಿನ್ನುವ ಹೊಸಬರು ಬಹಳ. ನನಗೆ ಕಲಿಸಿದ ಮೋಟರ್‌ಮ್ಯಾನ್ ಮೊಟ್ಟೆಯ ಅಗಲವಾದ ತುದಿಯಲ್ಲಿ ರೂಪಾಯಿಯಷ್ಟು ತೂತು ಮಾಡಿ, ಮೊದಲು ಒಳಗಿನ ರಸವನ್ನು ಹೀರಲು ಹೇಳಿದ. ಬಿಸಿ ಕೋಳಿಸಾರು, ಬೇರೇನೂ ಅಲ್ಲ. ಆಮೇಲೆ ಉಪ್ಪು, ಮೆಣಸಿನಕಾಯಿ ಹಾಕಿದ ಸರ್ಕಾ (ವಿನೆಗರ್) ಸ್ವಲ್ಪ ಸುರಿದು ಉಳಿದುದನ್ನು ತಿನ್ನಬೇಕು. ಕಲ್ಲಿನಂತಹ ಬಿಳಿಯ ಭಾಗವನ್ನು ಅವರೂ ಬಿಸಾಡುತ್ತಾರೆ. ನಾನು ಅದನ್ನು ಅಗಿಯಲು ಹೋಗಿ ನಗೆಪಾಟಲಾದೆ.

ಆದರೆ ನನ್ನ ಸೋಲಿನ ಕಥೆ ಬಲುಟ್‌ನದ್ದಲ್ಲ, ದಕ್ಷಿಣ ಕೊರಿಯಾದ ಮೊಕ್ಪೊ ಬಂದರಿನ ಹೊಂಗಿಯೊದ್ದು. ನಮ್ಮ ತೊರಕೆಯ, ಅಂದರೆ ಚಪ್ಪಟೆ ಮೈಯ ರೇ ಮೀನಿನ ಜಾತಿಯದು. ತಾಟೆ (ಶಾರ್ಕ್), ತೊರಕೆಗಳ ಮೈಯಲ್ಲಿ ಯೂರಿಯಾ ಇರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯಾ ಮಾಡುತ್ತವೆ. ಮಂಗಳೂರಿನ ಧಕ್ಕೆಯಲ್ಲಿ ಮೀನು ಮಾರುವ ಅಕ್ಕಂದಿರಿಗೆ ಇದನ್ನು ಯಾವ ಪುಸ್ತಕವೂ ಹೇಳಿಕೊಡಬೇಕಿಲ್ಲ. ತಾಟೆಯ ವಾಸನೆ ಮೂಗಿಗೆ ಹೊಡೆದರೆ ಅದು ಹಳೆಯದು, ಮುಂದಕ್ಕೆ ಹೋಗಿ ಎಂದು ಅವರೇ ಹೇಳುತ್ತಾರೆ. ಕೊರಿಯಾದವರು ಆ ವಾಸನೆ ಬರುವವರೆಗೆ ಬೇಕೆಂದೇ ಕಾಯುತ್ತಾರೆ! ಹ್ಯುಕ್ಸಾಂಡೊ ದ್ವೀಪದಿಂದ ನದಿಯ ದಾರಿಯಾಗಿ ನಾಜು ಕಡೆಗೆ ದೋಣಿಗಳು ಬರುವಷ್ಟರಲ್ಲಿ ಬೇರೆ ಮೀನೆಲ್ಲ ಕೊಳೆಯುತ್ತಿತ್ತು, ಇದೊಂದು ಮಾತ್ರ ತಿಂದರೂ ಹೊಟ್ಟೆ ಕೆಡುತ್ತಿರಲಿಲ್ಲ ಎಂದು ಅಲ್ಲಿನವರು ಇದರ ಹುಟ್ಟಿನ ಕಥೆ ಹೇಳುತ್ತಾರೆ. ಕಾರಣವೂ ಸರಿಯೇ, ಅಮೋನಿಯಾ ಇರುವಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳು ಬೆಳೆಯುವುದು ಕಷ್ಟ.

ಜಂಬದಿಂದ ಒಂದು ತುಂಡನ್ನು ಬರಿದೇ ಬಾಯಿಗೆ ಹಾಕಿಕೊಂಡೆ. ತೊಳೆಯದ ಶೌಚಾಲಯಕ್ಕೆ ಬಾಗಿಲು ತೆರೆದ ಹಾಗೆ ಉಸಿರು ಮೇಲಕ್ಕೇರಿತು, ಕಣ್ಣಲ್ಲಿ ನೀರು ಬಂತು, ಬಾಯಿಯ ಅಂಗುಳ ಸುಟ್ಟು ಮರುದಿನ ಅದರ ಚರ್ಮ ಸುಲಿದಿತ್ತು. ಅಂಗಡಿಯ ಅಜ್ಜಿ ತಲೆ ತಲೆ ಚಚ್ಚಿಕೊಂಡು, ಬೇಯಿಸಿದ ಹಂದಿಮಾಂಸದ ಕೊಬ್ಬಿನ ತುಂಡು, ಹಳೆಯ ಕಿಮ್ಚಿ ಮತ್ತು ಹೊಂಗಿಯೊ ಮೂರನ್ನೂ ಒಟ್ಟಿಗೆ ಇಟ್ಟುಕೊಟ್ಟರು. ಸಂಹಾಪ್ ಎಂದು ಅದರ ಹೆಸರು, ಮೂರರ ಕೂಟ ಎಂದೇ ಅರ್ಥ. ಕೊಬ್ಬು ಉರಿಯನ್ನು ಮುಚ್ಚಿತು, ಕಿಮ್ಚಿಯ ಹುಳಿ ವಾಸನೆಯನ್ನು ಕಡಿಯಿತು, ಅಕ್ಕಿಯ ಕಳ್ಳು ಮಕ್ಕೊಲ್ಲಿ ಉಳಿದದ್ದನ್ನು ತೊಳೆಯಿತು. ಎರಡನೆಯ ತುತ್ತನ್ನು ನಾನೇ ಕೇಳಿದೆ. ಆದರೂ ಸತ್ಯ ಹೇಳುತ್ತೇನೆ, ತುಂಗಾತೀರ ಅವರೇ: ನಿಮ್ಮ ಜೊತೆಗಾರರ ಸಿದ್ಧಾಂತ ಹೊಂಗಿಯೊವನ್ನು ಸಹ್ಯ ಮಾಡುತ್ತದೆ, ಪ್ರಿಯ ಮಾಡುವುದಿಲ್ಲ. ಅದಕ್ಕೆ ಅಲ್ಲೇ ಹುಟ್ಟಬೇಕು.

ಪಡುವಲಕಾಯಿ

ಮೀನುಪೇಟೆ ಅವರ ಕೊನೆಯ ಮಾತನ್ನು ನಾನು ನನ್ನ ಪಕ್ಷಕ್ಕೆ ಬರೆದುಕೊಳ್ಳುತ್ತೇನೆ. ಐಸ್‌ಲ್ಯಾಂಡಿನಲ್ಲಿಯೂ ಇಂಥದ್ದೇ ಒಂದು ಇದೆಯಲ್ಲವೇ, ತಾಟೆಯನ್ನು ಹೂತಿಟ್ಟು ತಿನ್ನುವುದು?

ಮೀನುಪೇಟೆ

ಹೌದು ಸರ್, ಹೌಕಾರ್ಟ್ಲ್. ಗ್ರೀನ್‌ಲ್ಯಾಂಡ್ ಶಾರ್ಕ್ ತಾಜಾ ಇದ್ದಾಗ ವಿಷ. ಮರಳು ಜಲ್ಲಿಯಲ್ಲಿ ಕೆಲವು ವಾರ ಹೂತು, ಆಮೇಲೆ ಗಾಳಿಯಾಡುವ ಕೊಟ್ಟಿಗೆಯಲ್ಲಿ ನಾಲ್ಕೈದು ತಿಂಗಳು ತೂಗುಹಾಕಿ ತಿನ್ನುವಂತೆ ಮಾಡುತ್ತಾರೆ. ಸಕ್ಕರೆ ಕಟ್ಟಿಯಷ್ಟು ತುಂಡು, ಜೊತೆಗೆ ಬ್ರೆನ್ನಿವಿನ್ ಎಂಬ ಸಾರಾಯಿ. ಅಲ್ಲಿನ ಯುವಕರಲ್ಲೇ ಎಷ್ಟೋ ಮಂದಿ ಅದನ್ನು ಚಳಿಗಾಲದ ಥೊರಾಬ್ಲೋಟ್ ಹಬ್ಬದಲ್ಲಿ ಶಾಸ್ತ್ರಕ್ಕೆ ತಿನ್ನುತ್ತಾರೆ. ನಮ್ಮ ಮನೆಯ ಮಕ್ಕಳು ಯುಗಾದಿಯ ಬೇವು ತಿನ್ನುವ ಹಾಗೆ.

ಹಲಸಿನ ಮರ

ಹಣ್ಣಿನ ಕಡೆಗೂ ಸ್ವಲ್ಪ ಬರೋಣ. ಸಿಂಗಪುರದಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ಇಲ್ಲಿನ ಮೆಟ್ರೊ ರೈಲಿನಲ್ಲಿ ಸಿಗರೇಟಿನ ಪಕ್ಕದಲ್ಲೇ ಡುರಿಯನ್ ಹಣ್ಣಿನ ಮೇಲೂ ಅಡ್ಡಗೆರೆ ಎಳೆದ ಫಲಕ ಇದೆ. ಊರಿನಿಂದ ಬಂದವರು ಅದನ್ನು ನೋಡಿದ ಕೂಡಲೇ ಹಲಸಿನ ಅಣ್ಣ ಎನ್ನುತ್ತಾರೆ, ಆದರೆ ಸಂಬಂಧವೇ ಇಲ್ಲ. ಹಲಸು ಆಲ, ಅತ್ತಿಗಳ ಕುಟುಂಬದ್ದು, ಡುರಿಯನ್ ಬೂರುಗ, ಬೆಂಡೆ, ದಾಸವಾಳಗಳ ಕುಟುಂಬದ್ದು. ಡುರಿ ಎಂದರೆ ಮಲಯ ಭಾಷೆಯಲ್ಲಿ ಮುಳ್ಳು.

ಹೆಚ್ಚಿನ ಪ್ರವಾಸಿಗರು ಇದರಲ್ಲಿ ಸೋಲುವುದು ಹಣ್ಣಿನ ತಪ್ಪಿನಿಂದಲ್ಲ. ಫ್ರಿಜ್ಜಿನಲ್ಲಿ ಪ್ಲಾಸ್ಟಿಕ್ ಸುತ್ತಿಟ್ಟ ಎರಡು ದಿನದ ಹಳೆಯ ತೊಳೆಯನ್ನು ಹೋಟೆಲಿನ ಕೋಣೆಯಲ್ಲಿ ತೆರೆದು ತಿನ್ನುತ್ತಾರೆ, ಹೋಟೆಲಿನವರು ದಂಡ ಹಾಕುತ್ತಾರೆ. ಥಾಯ್ಲೆಂಡಿನಲ್ಲಿ ಕಾಯಿಯನ್ನು ಮರದಿಂದ ಕುಯ್ದು ಹಣ್ಣಾಗಿಸುತ್ತಾರೆ, ಅದರ ವಾಸನೆ ಸೌಮ್ಯ. ಮಲೇಷ್ಯಾದಲ್ಲಿ ತಾನಾಗಿಯೇ ಬಿದ್ದ ಹಣ್ಣನ್ನು ಆಯ್ದು ಬೇಗನೆ ತಿಂದುಬಿಡುತ್ತಾರೆ. ಜೋಹೋರ್‌ನ ತೋಟವೊಂದರಲ್ಲಿ ನಮ್ಮ ಎದುರಿಗೇ ಮುಸಾಂಗ್ ಕಿಂಗ್ ಜಾತಿಯ ಹಣ್ಣೊಂದನ್ನು ಕತ್ತಿಯ ತುದಿಯಿಂದ ಸೀಳಿ ಕೊಟ್ಟಾಗ, ಅರಿಶಿನದ ಬಣ್ಣದ ತೊಳೆಯ ಮೇಲೆ ಬೆರಳಿಟ್ಟರೆ ಕಾಸಿದ ಹಾಲಿನ ಕೆನೆಯಂತೆ ಸುಕ್ಕು ಬಿತ್ತು. ಸಿಹಿ, ಹಿಂದೆಯೇ ಒಂದು ಕಹಿ, ಆಮೇಲೆ ಹುರಿದ ಈರುಳ್ಳಿಯ ನೆರಳು.

ಜೊತೆಗಾರನೂ ಇದ್ದಾನೆ. ಡುರಿಯನ್ ಉಷ್ಣ ಎಂಬುದು ಇಲ್ಲಿನವರ ನಂಬಿಕೆ, ಅದಕ್ಕೆ ತಂಪಿನ ಮ್ಯಾಂಗೋಸ್ಟೀನ್ ಹಣ್ಣನ್ನು ಜೊತೆಗಿಡುತ್ತಾರೆ. ಖಾಲಿಯಾದ ತೊಳೆಯ ಗುಳಿಗೆ ಉಪ್ಪುನೀರು ಸುರಿದು ಕುಡಿಯುತ್ತಾರೆ. ಮ್ಯಾಂಗೋಸ್ಟೀನ್ ನಮ್ಮ ಮುರುಗಲಿನ, ಅಂದರೆ ಪುನರ್ಪುಳಿಯ ಒಡಹುಟ್ಟು, ನಾವೂ ಅದನ್ನು ತಂಪಿಗೇ ಕುಡಿಯುತ್ತೇವೆ. 'ಹಸಿದು ಹಲಸು, ಉಂಡು ಮಾವು' ಎಂದು ಹಣ್ಣಿಗೂ ಹೊತ್ತು ಗೊತ್ತು ಮಾಡಿದ ಜನ ನಾವು. ಆದ್ದರಿಂದ ಇಲ್ಲಿನವರ ಲೆಕ್ಕಾಚಾರ ನನಗೆ ಪರಕೀಯ ಎನ್ನಿಸಲಿಲ್ಲ.

ಹಳೆಯ ಒಲೆ

ಮಕ್ಕಳೇ, ವಯಸ್ಸಾದವಳು ಒಂದು ಮಾತು ಸೇರಿಸುತ್ತೇನೆ. ಮಗಳ ಬಾಣಂತನಕ್ಕೆಂದು ಜರ್ಮನಿಗೆ ಹೋಗಿದ್ದೆ. ಒಂದು ಬೆಳಿಗ್ಗೆ ತಿಳಿಸಾರಿಗೆ ಒಗ್ಗರಣೆ ಹಾಕುವ ಮೊದಲು ಗಟ್ಟಿ ಇಂಗನ್ನು ಕುಟ್ಟುತ್ತಿದ್ದೆ. ಮೇಲಿನ ಮನೆಯವರು ಬಾಗಿಲು ತಟ್ಟಿ, ಗ್ಯಾಸ್ ಸೋರುತ್ತಿದೆಯೇ ಎಂದು ಗಾಬರಿಯಿಂದ ಕೇಳಿದರು. ಅವರ ಭಾಷೆಯಲ್ಲಿ ಇಂಗಿಗೆ ಸೈತಾನನ ಸಗಣಿ ಎಂಬರ್ಥದ ಹೆಸರೇ ಇದೆಯಂತೆ, ಅಳಿಯ ಆಮೇಲೆ ಹೇಳಿದ. ಹಸಿ ಇಂಗನ್ನು ಮೂಸಿದರೆ ಆ ಹೆಸರು ಸುಳ್ಳೂ ಅಲ್ಲ. ನಾನು ಆಕೆಯನ್ನು ಒಳಗೆ ಕರೆದು ಕೂರಿಸಿ, ಕಾದ ತುಪ್ಪಕ್ಕೆ ಸಾಸಿವೆ, ಕರಿಬೇವು, ಚಿಟಿಕೆ ಇಂಗು ಹಾಕಿ ತೋರಿಸಿದೆ. ತುಪ್ಪಕ್ಕೆ ಬಿದ್ದ ಕ್ಷಣ ಆ ನಾತ ಘಮವಾಯಿತು. ಆಕೆ ಎರಡು ಲೋಟ ಸಾರು ಕುಡಿದಳು.

ಮೊಮ್ಮಗ ಅಲ್ಲಿಂದ ಸ್ವೀಡನ್ನಿನ ಮಾಲ್ಮೊಗೆ ಹೋಗಿ, 2018ರಲ್ಲಿ ಶುರುವಾದ 'ಅಸಹ್ಯ ತಿನಿಸುಗಳ ವಸ್ತುಸಂಗ್ರಹಾಲಯ' ಎಂಬುದನ್ನು ನೋಡಿ ಬಂದ. ನೀವು ಇಲ್ಲಿ ಬರೆದ ಮೀನು, ಹಣ್ಣುಗಳೆಲ್ಲ ಅಲ್ಲಿ ಗಾಜಿನ ಬಟ್ಟಲುಗಳಲ್ಲಿ ಇದ್ದವಂತೆ. ಒಬ್ಬರ ಅಸಹ್ಯ ಇನ್ನೊಬ್ಬರ ರುಚಿ ಎಂದು ತಿಳಿಸಿಕೊಡುವುದಕ್ಕಾಗಿಯೇ ಅದನ್ನು ಮಾಡಿದ್ದಾರೆ ಎಂದು ಅವನು ವಾದಿಸಿದ. ಇರಬಹುದು. ಆದರೆ ಬಟ್ಟಲಿನಲ್ಲಿ ಒಂಟಿಯಾಗಿ ಕೂತ ಇಂಗನ್ನು ಮೂಸಿ ಹೋದವರಿಗೆ ನಮ್ಮ ಸಾರು ಎಲ್ಲಿ ಗೊತ್ತಾಗುತ್ತದೆ?

ಓಸ್ಲೋ ಕನ್ನಡತಿ

ಅಮ್ಮ, ನಿಮ್ಮ ಮಾತಿಗೆ ನಾನು ಕೈಮುಗಿದೆ. ಸಸ್ಯಾಹಾರಿಗಳಿಗೆ ನನ್ನದೂ ಒಂದು ಸಣ್ಣ ಸೂಚನೆ. ನಾರ್ವೆಯ ಕಂದು ಚೀಸ್, ಬ್ರೂನೊಸ್ಟ್, ಹೆಸರಿಗೆ ಮಾತ್ರ ಚೀಸ್. ಹಾಲು ಒಡೆದ ಮೇಲೆ ಉಳಿಯುವ ನೀರಿಗೆ ಹಾಲು, ಕೆನೆ ಸೇರಿಸಿ, ಕಂದಾಗುವವರೆಗೆ ಗಂಟೆಗಟ್ಟಲೆ ಕಾಯಿಸಿದ್ದು. ಕೆನೆ ಸೇರಿಸುವ ಉಪಾಯವನ್ನು 1863ರಲ್ಲಿ ಆನ್ನೆ ಹೋವ್ ಎಂಬ ರೈತ ಮಹಿಳೆ ಕಂಡುಹಿಡಿದಳೆಂದು ಹೇಳುತ್ತಾರೆ. ಚೀಸ್ ಎಂದು ತಿಳಿದು ಕಚ್ಚಿದವರು ಸಿಹಿ ಕಂಡು ಉಗಿಯುತ್ತಾರೆ. ಬೆಳಗಾವಿಯ ಕುಂದಾ ಎಂದು ತಿಳಿದು ಕಚ್ಚಿದರೆ ಸ್ವಲ್ಪ ಉಪ್ಪು ಜಾಸ್ತಿಯಾಯಿತು ಎನ್ನಿಸುತ್ತದೆ ಅಷ್ಟೇ. ಬಿಸಿ ವಾಫಲ್ ಮೇಲೆ ತೆಳ್ಳಗೆ ಹೆರೆದು, ಜಾಮ್ ಹಚ್ಚಿ ತಿನ್ನಬೇಕು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಹಾಲು ಒಡೆಸಲು ಬಳಸಿದ ರೆನೆಟ್ ಎಂಬ ಹೆಪ್ಪು ಕರುವಿನ ಹೊಟ್ಟೆಯಿಂದ ತೆಗೆದದ್ದೋ ಬೇರೆಯದೋ ಎಂದು ಕೇಳಿಕೊಳ್ಳುವುದು ಒಳ್ಳೆಯದು. 2013ರ ಜನವರಿಯಲ್ಲಿ ಇಲ್ಲಿನ ಒಂದು ಸುರಂಗದಲ್ಲಿ 27 ಟನ್ ಬ್ರೂನೊಸ್ಟ್ ಹೊತ್ತ ಲಾರಿಗೆ ಬೆಂಕಿ ಬಿದ್ದು ದಿನಗಟ್ಟಲೆ ಉರಿಯಿತು. ಅಷ್ಟು ಸಕ್ಕರೆ, ಅಷ್ಟು ಜಿಡ್ಡು ಅದರಲ್ಲಿದೆ.

ಪಡುವಲಕಾಯಿ

ಕುಂದಾ ಎಂದಮೇಲೆ ನನ್ನ ವಿರೋಧ ಸಡಿಲವಾಯಿತು. ಮುಂದಿನ ವರ್ಷ ಮಗನ ಮನೆಗೆ ನಾರ್ವೆಗೆ ಹೋಗುವುದಿದೆ. ರೆನೆಟ್ ಕೇಳಿಯೇ ತಿನ್ನುತ್ತೇನೆ.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಮೀನುಪೇಟೆ ಅವರ ತಕರಾರನ್ನು ಒಪ್ಪುತ್ತೇನೆ. ಜೊತೆಗಾರ ತಿನಿಸನ್ನು ಗಂಟಲಿಗೆ ಇಳಿಸಿಕೊಡಬಲ್ಲ, ಮನಸ್ಸಿಗೆ ಇಳಿಸಲು ಅಲ್ಲಿನ ಬಾಲ್ಯವೇ ಬೇಕು. ಇದನ್ನು ಪರೀಕ್ಷಿಸಲೆಂದೇ ಕಳೆದ ಭಾನುವಾರ ಬೆಂಗಳೂರಿನ ಜಪಾನಿ ದಿನಸಿ ಅಂಗಡಿಯಿಂದ ಹೆಪ್ಪುಗಟ್ಟಿದ ನಾಟ್ಟೊದ ಮೂರು ಡಬ್ಬಿಗಳನ್ನು ತಂದು, ರಾತ್ರಿ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಒಯ್ದೆ. ಊಟಕ್ಕೆ ಕುಳಿತಾಗ ಬಿಸಿ ಅನ್ನದ ಮೇಲೆ ಸುರಿದು, ಮೊದಲೇ ಏನೂ ಹೇಳದೆ, ತಂದೆತಾಯಿಯ ಮುಂದಿಟ್ಟೆ.

ತಂದೆಯವರು ನಾಲ್ಕು ತುತ್ತು ಮಾತಿಲ್ಲದೆ ತಿಂದು ಮಜ್ಜಿಗೆ ಕೇಳಿದರು. ತಾಯಿ ಮಾತ್ರ ಬಟ್ಟಲನ್ನು ಮೂಗಿನ ಬಳಿಗೆ ತಂದು, "ಇದು ಹುರುಳಿ ಕಟ್ಟಿನ ವಾಸನೆಯಲ್ಲವಾ?" ಎಂದರು. ಹುರುಳಿ ಬೇಯಿಸಿದ ನೀರನ್ನು ದಿನಗಟ್ಟಲೆ ಕುದಿಸಿ ಕುದಿಸಿ ಕಪ್ಪಗೆ ಗಟ್ಟಿ ಮಾಡಿ ಇಡುವ ಆ ಕಟ್ಟನ್ನು ನಾನು ಚಿಕ್ಕಂದಿನಲ್ಲಿ ಮೂಗು ಮುಚ್ಚಿಕೊಂಡು ಉಂಡವನು. ಆರು ವಾರ ಜಪಾನಿನಲ್ಲಿದ್ದರೂ ನನಗೆ ಅದು ಹೊಳೆದಿರಲಿಲ್ಲ. ಎರಡನೆಯ ಡಬ್ಬಿಗೆ ಅವರು ಯಾರನ್ನೂ ಕೇಳದೆ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರು. ಲೋಳೆ ಅರ್ಧಕ್ಕರ್ಧ ಹೋಗಿ, ಮೂವರಿಗೂ ಸಾಲದೆ ಬಂತು. ಮೂರನೆಯದು ಫ್ರೀಜರಿನಲ್ಲಿದೆ. ಆ ಹಿರಿಯ ಸಹೋದ್ಯೋಗಿಗೆ ಒಗ್ಗರಣೆಯ ಚಿತ್ರ ಕಳುಹಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.